ದೇವಿಗೆ ಮರಳಿ ಬರುವ ಬಳೆ

ಎರಡು-ನಾಲ್ಕು, ಎರಡು-ಆರು. ನಮ್ಮ ಬಳೆ ಅಂಗಡಿಯಲ್ಲಿ ಬೇಗ ಖಾಲಿಯಾಗುವ ಅಳತೆಗಳಿವು. ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆ ಉಡುವ ಜೋಗಪ್ಪಗಳು ಬಂದರೆ ಮಾತ್ರ ಮೇಲಿನ ಸಾಲಿನಿಂದ ಎರಡು-ಹತ್ತರ ಡಬ್ಬಿ ಇಳಿಸಬೇಕು. ಕೆಲವರಿಗೆ ಅದೂ ಬಿಗಿ. ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಸೋಪು ಸವರಿ, ಗೆಣ್ಣಿನ ಹತ್ತಿರ ಒಂದು ಗಳಿಗೆ ತಡೆದು ಹಸಿರು ಗಾಜನ್ನು ಏರಿಸುತ್ತೇನೆ. ಡಜನ್ ಬಳೆ ಇಡುವಷ್ಟರಲ್ಲಿ ಎರಡಾದರೂ ಒಡೆಯುತ್ತವೆ. ಪಕ್ಕದಲ್ಲಿ ಕೂತ ಗರತಿಯರು ಆ ದಪ್ಪ ಕೈ ನೋಡಿ ನಗುವುದಿಲ್ಲ. "ಯವ್ವಾ" ಎಂದು ಕಾಲು ಮುಟ್ಟಿ ಭಂಡಾರ ಹಚ್ಚಿಸಿಕೊಳ್ಳುತ್ತಾರೆ.

ಸವದತ್ತಿ ಎಲ್ಲಮ್ಮನ ಒಕ್ಕಲಲ್ಲಿ ಗಂಡು-ಹೆಣ್ಣು ಎಂಬುದು ಕಟ್ಟಿ, ಕತ್ತರಿಸಿ ಮಾಡುವ ಸಂಗತಿ. ಮಂಜುನಾಥ ಶೆಟ್ಟಿ ಎಂಬ ಹುಡುಗ ಮಂಜಮ್ಮ ಜೋಗತಿಯಾದದ್ದು ತುಂಗಭದ್ರೆಯ ದಂಡೆಯ ಹುಲಿಗೆಮ್ಮನ ಸನ್ನಿಧಿಯಲ್ಲಿ. ಉಡಿದಾರ ಕತ್ತರಿಸಿದರು, ತಾಳಿ, ಲಂಗ, ಕುಪ್ಪಸ, ಬಳೆ ಕೊಟ್ಟರು. ಅಷ್ಟರಿಂದ ಒಬ್ಬ ಹುಡುಗ ತಾಯಿಯಾಗಬಹುದೆಂದು ಒಪ್ಪಿದ ಭಕ್ತರೇ ಊರಿಗೆ ಹೋದ ಮೇಲೆ "ಹೆಂಗಸರು ಗರ್ಭಗುಡಿ ಹೊಗಬಾರದು, ಅದು ಹುಟ್ಟಿನಿಂದ ಬಂದ ನೇಮ" ಎನ್ನುತ್ತಾರಲ್ಲ, ನನಗೆ ಅದು ಅರ್ಥವಾಗುವುದಿಲ್ಲ.

ಇನ್ನು ದೇವಿಯ ವಿಚಾರ. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಯನ್ನು ನಮ್ಮಲ್ಲಿ ರಂಡೆ ಹುಣ್ಣಿಮೆ ಎಂದೇ ಕರೆಯುತ್ತಾರೆ. ಗಂಡ ಜಮದಗ್ನಿ ಸತ್ತನೆಂದು ಅವತ್ತು ಎಲ್ಲಮ್ಮ ವಿಧವೆ. ಜೋಗತಿಯರೂ ಬಳೆ ಒಡೆದುಕೊಳ್ಳುತ್ತಾರೆ. ಮಾಘದ ಭಾರತ ಹುಣ್ಣಿಮೆಗೆ ಆಕೆ ಮತ್ತೆ ಮುತ್ತೈದೆ. ನಡುವೆ ಎರಡೇ ತಿಂಗಳು. ವೈಧವ್ಯವನ್ನು ಇಳಿಸುವ ವಿದ್ಯೆ ನಮ್ಮ ಧರ್ಮಕ್ಕೆ ಗೊತ್ತಿದೆ, ಪ್ರತಿ ವರ್ಷ ಮಾಡಿ ತೋರಿಸುತ್ತದೆ. ಆದರೆ ಗಂಡ ಸತ್ತ ನಮ್ಮ ಓಣಿಯ ಅಕ್ಕ ಮಗನ ಮದುವೆಯಲ್ಲಿ ಅಕ್ಕಿಕಾಳು ಹಾಕಲೂ ಮುಂದೆ ಬರಲಿಲ್ಲ, ಅಡುಗೆಮನೆ ಬಾಗಿಲಲ್ಲೇ ನಿಂತಳು. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ 2013ರಲ್ಲಿ ವಿಧವೆಯರನ್ನೇ ಅರ್ಚಕರನ್ನಾಗಿ ನೇಮಿಸಿದರು. ದೇವರೇನೂ ಗುಡಿ ಬಿಟ್ಟು ಓಡಲಿಲ್ಲ. ನಮ್ಮ ಅಂಗಡಿಗೆ ಬಂದು ಕೈ ಚಾಚಿದ ಯಾರಿಗೂ ನಾನು "ಗಂಡ ಇದ್ದಾರೇನ್ರಿ?" ಎಂದು ಕೇಳುವುದಿಲ್ಲ.

ಹಾಗೆಂದು ಎಲ್ಲಮ್ಮನ ಗುಡ್ಡದ ಪದ್ಧತಿಯನ್ನೆಲ್ಲ ಹೊಗಳಲಾರೆ. ಜೋಗಪ್ಪಗಳಿಗೆ ಕಟ್ಟುವ ಇದೇ ಮುತ್ತನ್ನು ಬಡವರ ಮನೆಯ ಹೆಣ್ಣುಮಕ್ಕಳಿಗೂ ಕಟ್ಟಿ ಬಾಳು ಹಾಳು ಮಾಡಿದ್ದಾರೆ. 1982ರಲ್ಲಿ ದೇವದಾಸಿ ನಿಷೇಧ ಕಾಯ್ದೆ ತರಬೇಕಾದದ್ದು ಅದಕ್ಕೇ. ಜೋಗಪ್ಪಗಳಿಗೆ ಸಿಗುವ ಗೌರವವೂ ಮಂಗಳವಾರ, ಶುಕ್ರವಾರದ್ದು. ತಲೆಯ ಮೇಲೆ ದೇವಿಯ ಕೊಡ ಇದ್ದರೆ ಕಾಲಿಗೆ ನೀರು, ಮೊರದ ತುಂಬ ಜೋಳ. ಕೊಡ ಇಳಿಸಿ ಬಾಡಿಗೆ ಮನೆ ಕೇಳಲಿ, ಓಣಿಯಲ್ಲಿ ಒಂದು ಖೋಲಿಯೂ ಖಾಲಿ ಇರುವುದಿಲ್ಲ. ದೇವಿಯ ಹೆಸರು ಹೇಳದೆ ಹುಡುಗನೊಬ್ಬ ಸೀರೆ ಉಟ್ಟರೆ ಬೀಳುವುದು ಏಟು. ಅಂದರೆ ಹೆಣ್ಣಾಗಿ ಬದುಕಲು ಅವನಿಗೆ ನಾವು ಬಿಟ್ಟಿರುವುದು ಒಂದೇ ದಾರಿ: ದೇವಿ ಮೈಮೇಲೆ ಬರಬೇಕು, ಜೋಗ ಬೇಡಿ ಉಣ್ಣಬೇಕು.

2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಮಂಜಮ್ಮ ಸೆರಗು ಹಿಡಿದು ರಾಷ್ಟ್ರಪತಿಯವರ ದೃಷ್ಟಿ ತೆಗೆದರು. ನಾವೆಲ್ಲ ಮೊಬೈಲಿನಲ್ಲಿ ನೋಡಿ ಹಿಗ್ಗಿದೆವು. ಅದೇ ವರ್ಷ ರಾಜ್ಯ ಸರ್ಕಾರ ತನ್ನ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ ಕೊಟ್ಟಿತು. ಸರ್ಕಾರ ಅಷ್ಟಾದರೂ ಮಾಡಿದೆ. ಎಲ್ಲಮ್ಮನ ಜಾತ್ರೆಯಿಂದಲೇ ಹೊಟ್ಟೆ ಹೊರೆಯುವ ಕುಂಕುಮ, ಕಾಯಿ, ಸೀರೆ, ಖಾನಾವಳಿಯ ವ್ಯಾಪಾರಿಗಳು ನಾವಿದ್ದೇವಲ್ಲ, ನಮ್ಮಲ್ಲಿ ಎಷ್ಟು ಜನ ಗಲ್ಲೆಯ ಮೇಲೆ ಜೋಗಪ್ಪನೊಬ್ಬಳನ್ನು ಪಗಾರ ಕೊಟ್ಟು ಕೂರಿಸಲು ತಯಾರಿದ್ದೇವೆ?