ತಕ್ಕಡಿಗೆ ಸಿಕ್ಕದ ವಿದ್ಯೆ

ಪಂಚಲೋಹದ ಜಿನಬಿಂಬಕ್ಕೂ ಹಿತ್ತಾಳೆಯ ದೀಪಸ್ತಂಭಕ್ಕೂ ಕಿಲೋ ಲೆಕ್ಕದಲ್ಲಿ ಬೆಲೆ ಕಟ್ಟಿ ಅದನ್ನು ಮಿತವ್ಯಯವೆಂದು ಬಗೆಯುವ ವಿಶ್ವಸ್ತ ಮಂಡಲಿಗಳುಂಟು. ಅದು ಮಿತವ್ಯಯವಲ್ಲ, ಪರರ ದುಡಿಮೆಯ ಅಪಹರಣ.

ನಾಗಮಂಗಲದ ವಿಶ್ವಕರ್ಮ ಮನೆತನಗಳಲ್ಲಿ ತಂದೆಯಿಂದ ಮಗನಿಗೆ ಬಂದ ಎರಕದ ವಿದ್ಯೆಯನ್ನೇ ನೋಡಬಹುದು. ಮೇಣದಲ್ಲಿ ಬಿಂಬ ತಿದ್ದಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಯಿಸಿ, ಆ ತೆರವಿಗೆ ಲೋಹ ಎರೆಯುತ್ತಾರೆ. ಬಿಂಬ ಹೊರಬರಲು ಅಚ್ಚು ಒಡೆಯಲೇಬೇಕು. ಒಂದು ಅಚ್ಚಿಗೆ ಒಂದೇ ಬಿಂಬ. ಎರಕ ಕೆಟ್ಟರೆ ಎಲ್ಲವೂ ಮೊದಲಿನಿಂದ. ಆ ದಿನಗಳನ್ನು ಯಾವ ತಕ್ಕಡಿ ತೂಗೀತು?

ದೇವದುರ್ಗದ ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಈ ವಿಧಾನವನ್ನು ವಿವರಿಸಿದ್ದಾನೆ. ಅಲ್ಲಿಯೂ ತೂಕವಿದೆ, ಆದರೆ ಮೇಣಕ್ಕೆ ತಕ್ಕ ಲೋಹವೆಷ್ಟೆಂದು ತಿಳಿಯಲು, ಶಿಲ್ಪಿಯ ಯೋಗ್ಯತೆಯನ್ನು ಅಳೆಯಲು ಅಲ್ಲ.

ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವನ್ನೂ ಎಣಿಸಿದೆ. ಸರಿಯಾದ ತಕ್ಕಡಿಯಲ್ಲಿ ತೂಗಬಾರದುದನ್ನು ತೂಗುವುದು ಅದಕ್ಕೆ ದೂರವಲ್ಲ. ವ್ಯಾಪಾರಿ ಸಮಾಜಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಾಯಚೂರಾಗಲಿ, ಮಾನ್ವಿಯಾಗಲಿ, ದೇವದುರ್ಗವಾಗಲಿ, ಬಿಂಬ ಮಾಡಿಸುವವರು ಲೋಹದ ಬೆಲೆ ಬೇರೆ, ಕೈಕೆಲಸದ ಸಂಭಾವನೆ ಬೇರೆ ಎಂದು ಕರಾರಿನಲ್ಲಿ ಬರೆಯಲಿ. ಶಿಲ್ಪಿಯ ಮಗ ಕುಲುಮೆ ತೊರೆದ ಮೇಲೆ ಬಸದಿಗೆ ಲೋಹ ದೊರೆತೀತು, ಬಿಂಬ ದೊರೆಯದು.