ನದೀಮೂಲ ಕೇಳಲೇಬೇಕು

ಋಷಿಮೂಲ, ನದೀಮೂಲ ಕೇಳಬಾರದೆಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಋಷಿಗಳ ವಿಷಯದಲ್ಲಿ ಆ ಮಾತು ಹಾಗೆಯೇ ಇರಲಿ, ನಮ್ಮ ತಕರಾರಿಲ್ಲ. ಆದರೆ ನದಿಗಳ ವಿಷಯದಲ್ಲಿ, ಅದರಲ್ಲಿಯೂ ತಲೆಗೆ ಇಷ್ಟೆಂದು ಹಣ ಕಟ್ಟಿ, ರಬ್ಬರಿನ ದೋಣಿಯಲ್ಲಿ ಕುಳಿತು, ಎರಡು ತಾಸು ತೇಲಿ ಬರುವ ನದಿಗಳ ವಿಷಯದಲ್ಲಿ ಈ ಗಾದೆಯನ್ನು ಪಾಲಿಸುವುದು ಪುಣೆಯ ಕನ್ನಡಿಗರಾದ ನಮಗೆ ಸಲ್ಲದು. ಯಾಕೆ ಸಲ್ಲದೆಂಬುದನ್ನು ಸ್ವಲ್ಪ ಬಿಚ್ಚಿ ಹೇಳಬೇಕಾಗಿದೆ.

ಮಳೆಗಾಲ ಮುಗಿದೊಡನೆ ನವಮಂಗಳೂರು ಬಂದರಿಗೆ ವಿದೇಶದ ವಿಹಾರನೌಕೆಗಳು ಬರತೊಡಗುತ್ತವೆ. ಬೆಳಿಗ್ಗೆ ಹಡಗಿನಿಂದಿಳಿದವರು ಬಸ್ಸು ಹತ್ತುತ್ತಾರೆ. ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಮಂಗಳೂರಿನ ಕದ್ರಿ ದೇವಸ್ಥಾನ ಇವುಗಳನ್ನು ಅವಸರವಸರವಾಗಿ ನೋಡುತ್ತಾರೆ. ಸಂಜೆಗೆ ಮತ್ತೆ ಹಡಗು. ಕೆಲವು ದೇಶಗಳಲ್ಲಿ ಇಂಥವರಿಗಾಗಿಯೇ ನದಿಯ ಮೇಲೂ ಏರ್ಪಾಡುಗಳಿವೆ. ಜಮೈಕಾ ದ್ವೀಪದ ರಿಯೊ ಗ್ರಾಂಡೆ ನದಿಯಲ್ಲಿ ಒಂದು ಕಾಲಕ್ಕೆ ರೈತರು ಬಾಳೆಗೊನೆಗಳನ್ನು ಬಿದಿರಿನ ತೆಪ್ಪದ ಮೇಲೆ ಬಂದರಿಗೆ ಸಾಗಿಸುತ್ತಿದ್ದರು. ಇಂದು ಅದೇ ಬಗೆಯ ತೆಪ್ಪಗಳ ಮೇಲೆ ಪ್ರವಾಸಿಗಳು ಕುಳಿತಿರುತ್ತಾರೆ. ಅಲೆ ಹೆಚ್ಚಿಲ್ಲ, ಅಪಾಯವಿಲ್ಲ, ಬಟ್ಟೆಯೂ ಅಷ್ಟಾಗಿ ನೆನೆಯುವುದಿಲ್ಲ. ಆ ನದಿಯ ದಂಡೆಯಲ್ಲಿ ಯಾರ ಹೊಲವಿತ್ತು, ಆ ಬಾಳೆ ಯಾರದು ಎಂದು ಕೇಳುವಷ್ಟು ಪುರುಸೊತ್ತು ಅವರಿಗಿಲ್ಲ. ಕೇಳಬೇಕೆಂದು ನಾವೂ ಒತ್ತಾಯಿಸಲಾರೆವು. ಅವರ ಹಡಗು ಅಂದೇ ರಾತ್ರಿ ಲಂಗರು ಕೀಳುತ್ತದೆ.

ನಮ್ಮ ಹಡಗು ಎಲ್ಲಿಗೆ ಹೋಗುತ್ತದೆ, ಹೇಳಿ? ಸದಾಶಿವ ಪೇಠದ ವಾಡೆಗಳಲ್ಲಿ ಬಾಡಿಗೆಗಿದ್ದು ಸಂಸಾರ ಹೂಡಿದವರು ನಾವು. ಮಕ್ಕಳನ್ನು ಇಲ್ಲಿಯೇ ಶಾಲೆಗೆ ಹಾಕಿದೆವು. ರೇಶನ್ ಕಾರ್ಡು, ಮತದಾರರ ಪಟ್ಟಿ, ಮನೆಯ ಸಾಲ ಎಲ್ಲವೂ ಇಲ್ಲಿಯೇ. ಲಂಗರು ಇಳಿದು ಎರಡು ಮೂರು ತಲೆಮಾರುಗಳಾದವು. ಆದರೂ ನದಿಗೆ ಹೋಗುವಾಗ ಮಾತ್ರ ನಮ್ಮವರು ಹಡಗಿನ ಪ್ರಯಾಣಿಕರ ಹಾಗೆ ಹೋಗುತ್ತಾರೆ. ನಮ್ಮ ಜಗಳವಿರುವುದು ಈ ಒಂದು ವಿಷಯಕ್ಕೆ.

ಪುಣೆಯಿಂದ ಒಂದು ದಿನದ ರಾಫ್ಟಿಂಗ್ ಎಂದರೆ ಕೋಲಾಡ. ಬೆಳಕು ಹರಿಯುವ ಮೊದಲೇ ಪೇಠದಿಂದ ಬಸ್ಸು ಹೊರಡುತ್ತದೆ. ಚಾಂದಣಿ ಚೌಕ, ಪೌಡ ದಾಟಿ ಮುಳಶಿಯ ಜಲಾಶಯದ ಅಂಚಿನಲ್ಲಿಯೇ ಸಾಗಿ, ತಾಮ್ಹಿಣಿ ಘಾಟ ಇಳಿದು, ರಾಯಗಡ ಜಿಲ್ಲೆಯ ರೋಹಾ ತಾಲೂಕಿಗೆ ಸೇರಿದ ಕೋಲಾಡವನ್ನು ಮುಟ್ಟುತ್ತದೆ. ಅಲ್ಲಿ ಕುಂಡಲಿಕಾ ನದಿ. ತಲೆಗೆ ಶಿರಸ್ತ್ರಾಣ, ಮೈಗೆ ತೇಲುವ ಜಾಕೀಟು, ಕೈಗೊಂದು ಹುಟ್ಟು. ಹತ್ತು ಹನ್ನೆರಡು ಕಿಲೋಮೀಟರು ತೇಲಿದರೆ ಆಟ ಮುಗಿಯಿತು. ಊಟ ಮಾಡಿ, ಫೋಟೋ ತೆಗೆಸಿಕೊಂಡು, ರಾತ್ರಿ ಮನೆಗೆ ಬಂದು ಮಲಗಿದರೆ ಸೋಮವಾರ ಮತ್ತೆ ಕಚೇರಿ.

ಈ ಆಟಕ್ಕೊಂದು ಕಟ್ಟಳೆಯುಂಟು: ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಅಲ್ಲಿರಬೇಕು, ತಡವಾದರೆ ನೀರಿರುವುದಿಲ್ಲ. ನದಿಗೂ ಕಚೇರಿಯ ವೇಳೆಯೆ? ಹೌದು. ಬೇಸಿಗೆಯಲ್ಲಿ ಕುಂಡಲಿಕೆಯಲ್ಲಿ ಅಲೆ ಏಳುವಷ್ಟು ನೀರಿರುವುದು ಅದರ ಸ್ವಂತ ಬಲದಿಂದಲ್ಲ. ಮೇಲೆ ಭಿರಾ ಎಂಬಲ್ಲಿ ವಿದ್ಯುದಾಗಾರವಿದೆ. ಅಲ್ಲಿ ಯಂತ್ರ ತಿರುಗಿಸಿ ಹೊರಬಿದ್ದ ನೀರೇ ನಮ್ಮ ದೋಣಿಯನ್ನು ಎತ್ತಿ ಕುಣಿಸುವುದು. ಆ ನೀರು ಭಿರಾಕ್ಕೆ ಬಂದದ್ದು ಮುಳಶಿ ಜಲಾಶಯದಿಂದ. ಸಹ್ಯಾದ್ರಿಯ ನೆತ್ತಿಯ ಮೇಲೆ ಕಟ್ಟಿ ನಿಲ್ಲಿಸಿದ ನೀರನ್ನು ಕೊಳವೆಗಳಲ್ಲಿ ಸುಮಾರು 500 ಮೀಟರು ಕೆಳಗೆ ದುಮುಕಿಸಿ ವಿದ್ಯುತ್ತು ತೆಗೆಯುವ ಈ ಯೋಜನೆ ಟಾಟಾ ಕಂಪನಿಯದು, 1920ರ ದಶಕದ್ದು. ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ಯಾವ ಕೆರೆಯನ್ನು ನೋಡಿ "ಎಷ್ಟು ಚಂದ!" ಎಂದೆವೋ, ಅದರ ನೀರಿನ ಮೇಲೆಯೇ ಮುಂದೆ ಘಟ್ಟದ ಕೆಳಗೆ ಕುಳಿತು ಕೇಕೆ ಹಾಕುತ್ತೇವೆ. ಇದನ್ನು ಬಸ್ಸಿನಲ್ಲಿ ಯಾರೂ ಹೇಳುವುದಿಲ್ಲ.

ಆ ಕೆರೆಯ ತಳದಲ್ಲಿ ಏನಿದೆಯೆಂಬುದನ್ನಂತೂ ಹೇಳುವುದೇ ಇಲ್ಲ. ಮುಳಶಿಯ ಅಣೆಕಟ್ಟಿಗಾಗಿ ಸುಮಾರು 50 ಹಳ್ಳಿಗಳ ಮಾವಳಿಗರು ಮನೆ, ಭತ್ತದ ಗದ್ದೆ, ದೇವರ ಗುಡಿ ಬಿಟ್ಟುಕೊಡಬೇಕಾಗಿ ಬಂತು. ಅವರು ಸುಮ್ಮನೆ ಬಿಡಲಿಲ್ಲ. 1921ರ ಏಪ್ರಿಲ್ 16ರಂದು, ರಾಮನವಮಿಯ ದಿನ, ಸತ್ಯಾಗ್ರಹ ಹೂಡಿದರು. ನಮ್ಮ ದೇಶದಲ್ಲಿ ಅಣೆಕಟ್ಟಿನ ವಿರುದ್ಧ ರೈತರು ನಡೆಸಿದ ಮೊಟ್ಟಮೊದಲ ಹೋರಾಟಗಳಲ್ಲಿ ಅದು ಒಂದು. ಮುಂದಾಳಾಗಿ ನಿಂತು ಸೆರೆಮನೆ ಕಂಡವರು ಪಾಂಡುರಂಗ ಮಹಾದೇವ ಬಾಪಟರು. 'ಸೇನಾಪತಿ' ಎಂಬ ಬಿರುದು ಅವರಿಗೆ ಬಂದದ್ದು ಆ ಹೋರಾಟದಿಂದಲೇ. ನಮ್ಮಲ್ಲಿ ಎಷ್ಟೋ ಜನ ದಿನಾಲು ಸೇನಾಪತಿ ಬಾಪಟ ರಸ್ತೆಯ ಮೇಲೆ ಹಾಯ್ದು ಕೆಲಸಕ್ಕೆ ಹೋಗುತ್ತಾರೆ. ಯಾವ ಸೇನೆ, ಯಾವ ಯುದ್ಧ ಎಂದು ಮಕ್ಕಳು ಕೇಳಿದರೆ ಉತ್ತರ ಕೊಡಬಲ್ಲ ಮನೆಗಳು ಎಷ್ಟಿವೆ? ಸತ್ಯಾಗ್ರಹ ಕೊನೆಗೆ ಸೋತಿತು. ಅಣೆಕಟ್ಟು ಎದ್ದಿತು. ಮುಂಬಯಿಗೆ ವಿದ್ಯುತ್ತು ಹೋಯಿತು.

"ಇದು ಮಹಾರಾಷ್ಟ್ರದ ಮಾತಾಯಿತು, ಕನ್ನಡ ಸಂಘಕ್ಕೂ ಇದಕ್ಕೂ ಏನು ಸಂಬಂಧ?" ಎಂದು ಕೆಲವರು ಕೇಳಿಯಾರು. ಸಂಬಂಧ ನೀರಿನದೇ. ಮುಳಶಿಯಲ್ಲಿ ತಡೆದದ್ದು ಮುಳಾ ನದಿಯನ್ನು. ಮುಳೆ ಸಹಜವಾಗಿ ಹರಿಯುವುದು ಪೂರ್ವಕ್ಕೆ. ಪುಣೆಯ ಸಂಗಮದಲ್ಲಿ ನಮ್ಮ ಪೇಠದ ಮಗ್ಗುಲಿನ ಮುಠೆಯನ್ನು ಕೂಡಿ, ಮುಂದೆ ಭೀಮೆಯನ್ನು ಸೇರುತ್ತದೆ. ಭೀಮೆಯ ಹಾದಿ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ: ಉಜನಿ, ಪಂಢರಪುರ, ಆಮೇಲೆ ವಿಜಯಪುರ ಜಿಲ್ಲೆಯ ಇಂಡಿಯ ಸೀಮೆ, ಕಲಬುರಗಿ ಜಿಲ್ಲೆಯ ಅಫಜಲಪುರ, ಗಾಣಗಾಪುರ, ಸನ್ನತಿ, ಯಾದಗಿರಿ, ಕೊನೆಗೆ ರಾಯಚೂರು ಸೀಮೆಯಲ್ಲಿ ಕೃಷ್ಣೆ. ಸುಮಾರು 860 ಕಿಲೋಮೀಟರಿನ ಈ ನದಿ ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ ಕನ್ನಡ ನಾಡಿನಲ್ಲಿ ಮುಗಿಯುತ್ತದೆ. ಪುಣೆಯ ಕನ್ನಡಿಗನಿಗೆ ಇದಕ್ಕಿಂತ ಹತ್ತಿರದ ನೆಂಟಸ್ತಿಕೆ ಬೇರೊಂದು ಬೇಕೆ?

ಹಾಗಾದರೆ ಕೋಲಾಡದಲ್ಲಿ ನಮ್ಮ ದೋಣಿಯ ಕೆಳಗೆ ಹರಿಯುವುದು ಭೀಮೆಗೆ ಸಲ್ಲಬೇಕಾಗಿದ್ದ ನೀರು. ಘಟ್ಟದ ಮೇಲಿನಿಂದ ಪಶ್ಚಿಮಕ್ಕೆ ತಿರುಗಿಸಿದ ಈ ನೀರಿನ ಲೆಕ್ಕ ಕೃಷ್ಣಾ ಜಲವಿವಾದದ ಬಚಾವತ್ ನ್ಯಾಯಮಂಡಳಿಯ ಮುಂದೆಯೂ ಬಂದಿತ್ತು. ಎಷ್ಟು ತಿರುಗಿಸಬಹುದೆಂಬುದಕ್ಕೆ ಅದು ಮಿತಿಯನ್ನೂ ಹಾಕಿತು. ಈ ನೀರನ್ನು ಮರಳಿ ಭೀಮೆಯ ಕಣಿವೆಗೇ ಕೊಡಬೇಕೆಂಬ ಕೂಗು ಮಹಾರಾಷ್ಟ್ರದ ಒಳಗಿನಿಂದಲೇ ಎದ್ದಿದೆ. ಇತ್ತ ಬೇಸಿಗೆ ಬಂತೆಂದರೆ ಅಫಜಲಪುರ, ಇಂಡಿಗಳ ಕಡೆ ಭೀಮೆ ಮರಳಾಗುತ್ತದೆ. ಉಜನಿಯಿಂದ ನೀರು ಬಿಡಿಸಿರೆಂದು ಆ ಭಾಗದ ಜನ ಸರಕಾರದ ಬಾಗಿಲು ಬಡಿಯುತ್ತಾರೆ. ಮಳೆ ಅತಿಯಾದಾಗ ಮೇಲಿನ ಅಣೆಕಟ್ಟುಗಳಿಂದ ಬಿಟ್ಟ ನೀರು ಅವರ ಮನೆಯನ್ನೇ ಹೊಕ್ಕುತ್ತದೆ. 2020ರ ಅಕ್ಟೋಬರದಲ್ಲಿ ಭೀಮೆ ಉಕ್ಕಿ ಕಲಬುರಗಿ ಜಿಲ್ಲೆಯ ದಂಡೆಯ ಹಳ್ಳಿಗಳು ಮುಳುಗಿದ್ದು ಇನ್ನೂ ಮರೆತುಹೋಗಿಲ್ಲ. ಅವರಿಗೆ ನೀರು ಬೇಕೆಂದಾಗ ಇಲ್ಲ, ಬೇಡವೆಂದಾಗ ಸೊಂಟದ ಮಟ್ಟ. ನಮಗೆ ಭಾನುವಾರ ಬೆಳಿಗ್ಗೆ ಸರಿಯಾದ ಹೊತ್ತಿಗೆ, ಸರಿಯಾದ ಎತ್ತರಕ್ಕೆ!

ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬರುವ ಕಲಬುರಗಿ, ಯಾದಗಿರಿ, ವಿಜಯಪುರಗಳ ಕೂಲಿಯವರನ್ನು ನೆನೆಯಿರಿ. ಮಳೆ ಕೈಕೊಟ್ಟ ವರ್ಷ ಅವರ ಗುಳೆ ಇನ್ನೂ ದೊಡ್ಡದಾಗುತ್ತದೆ. ಕೊಥರೂಡ, ಬಾಣೇರಗಳ ಕಡೆ ಮಹಡಿಯ ಮೇಲೆ ಮಹಡಿ ಏರಿಸುವ ಕೈಗಳಲ್ಲಿ ಅವರ ಕೈಯೂ ಇದೆ. ಅವರ ಬಾಯಲ್ಲಿರುವುದು ನಮ್ಮದೇ ಕನ್ನಡ. ನಮ್ಮ ರಾಜ್ಯೋತ್ಸವದ ಪೆಂಡಾಲಿನಲ್ಲಿ ಅವರಿಗೊಂದು ಕುರ್ಚಿ ಇರುವುದು ಅಪರೂಪ. ಆ ಮಾತು ಇನ್ನೊಮ್ಮೆ. ಭೀಮೆಯ ನೀರಿನ ಸುದ್ದಿ ಅವರ ಪಾಲಿಗೆ ಪತ್ರಿಕೆಯ ಸುದ್ದಿಯಲ್ಲ, ಹೊಟ್ಟೆಯ ಸುದ್ದಿ ಎಂಬಷ್ಟನ್ನೇ ಇಲ್ಲಿ ಹೇಳುತ್ತೇವೆ.

ಇನ್ನು ಮನೆಯ ಬಾಗಿಲಿನ ನದಿ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ಸದಾಶಿವ ಪೇಠದಿಂದ ಮುಠೆಯ ದಂಡೆಗೆ ನಡೆದೇ ಹೋಗಬಹುದು. ನದಿ ಹತ್ತಿರವಿರುವಾಗ ನೂರಕ್ಕೂ ಹೆಚ್ಚು ಕಿಲೋಮೀಟರು ಹೋಗಿ ನೀರಾಡುವುದೇಕೆ? ಕಾರಣ ಎಲ್ಲರಿಗೂ ಗೊತ್ತು, ಮೂಗಿಗಂತೂ ಚೆನ್ನಾಗಿ ಗೊತ್ತು. 1961ರ ಜುಲೈ 12ರಂದು ಪಾನಶೇತ, ಖಡಕವಾಸಲಾ ಅಣೆಕಟ್ಟುಗಳು ಒಡೆದು ನದೀತೀರದ ಪೇಠಗಳು ನೀರು ಪಾಲಾದ ದಿನವನ್ನು ಹಳೆಯ ಮನೆತನಗಳವರು ಇಂದಿಗೂ ಹೇಳುತ್ತಾರೆ. ಅಂದು ನದಿ ನಗರದ ಮೇಲೆ ಬಂದಿತ್ತು, ಇಂದು ನಗರವೇ ನದಿಯ ಮೇಲೆ ಹೋಗಿದೆ. ಶುದ್ಧೀಕರಣವಾಗದ ಕೊಳಚೆ ಮುಳಾ-ಮುಠೆಗೆ ಬೀಳುತ್ತದೆ, ಉಜನಿಯ ಹಿನ್ನೀರಿಗೆ ಇಳಿಯುತ್ತದೆ. 2022ರ ಮಾರ್ಚಿಯಲ್ಲಿ ನದೀತೀರ ಸೌಂದರ್ಯೀಕರಣದ ಯೋಜನೆಗೆ ಪ್ರಧಾನಮಂತ್ರಿಗಳಿಂದ ಅಡಿಗಲ್ಲು ಬಿತ್ತು. ದಂಡೆ ಅಂದವಾದರೆ ಸಂತೋಷವೇ. ಆದರೆ ಮೊದಲು ನೀರು, ಆಮೇಲೆ ದಂಡೆ. ಮುಖ ತೊಳೆಯದೆ ಪೌಡರು ಹಚ್ಚಿದರೆ ಯಾರಿಗೆ ಮೋಸ?

ಗಾಣಗಾಪುರದ ದತ್ತನ ದರ್ಶನಕ್ಕೆ ಪುಣೆಯಿಂದ ಹೋಗುವ ಭಕ್ತರು ಕಡಿಮೆಯೆ? ಅಲ್ಲಿ ಭೀಮಾ-ಅಮರಜಾ ಸಂಗಮದಲ್ಲಿ ಮುಳುಗು ಹಾಕುವಾಗ ಇದು ನಮ್ಮ ಊರ ನದಿಯದೇ ಕೆಳಹರಿವು ಎಂಬುದು ಎಷ್ಟು ಜನರಿಗೆ ನೆನಪಾಗುತ್ತದೆ? ಮೇಲಿನ ನೀರಿನಲ್ಲಿ ಆಟ, ನಡುವಿನ ನೀರಿನಲ್ಲಿ ಕೊಳಚೆ, ಕೆಳಗಿನ ನೀರಿನಲ್ಲಿ ಪುಣ್ಯಸ್ನಾನ. ಒಂದೇ ನದಿಗೆ ಮೂರು ಮರ್ಯಾದೆ!

"ಆರು ದಿನ ದುಡಿದ ಜೀವಕ್ಕೆ ಒಂದು ದಿನದ ಮೋಜೂ ಬೇಡವೆ? ಅಲ್ಲಿಯೂ ನಿಮ್ಮ ಪಾಠವೆ?" ಎಂಬ ಆಕ್ಷೇಪ ಬರುವುದು ಖಂಡಿತ. ಮೋಜು ಬೇಡವೆಂದು ನಾವು ಹೇಳುತ್ತಿಲ್ಲ. ಮಕ್ಕಳು ನೀರಿಗೆ ಹೆದರದೆ ಬೆಳೆಯಲಿ, ಹುಟ್ಟು ಹಾಕಲು ಕಲಿಯಲಿ. ದೋಣಿ ನಡೆಸುವ ಸ್ಥಳೀಯ ಹುಡುಗರಿಗೆ ನಾಲ್ಕು ಕಾಸು ಸಿಗಲಿ. ವಿದ್ಯುತ್ತೂ ಬೇಕು, ಅದಿಲ್ಲದೆ ಈ ಮಾಸಪತ್ರಿಕೆಯೂ ಅಚ್ಚಾಗುವುದಿಲ್ಲ. ನಮ್ಮ ಮಾತು ಇಷ್ಟೆ: ಯಾರ ಊಟ ಉಣ್ಣುತ್ತಿದ್ದೇವೆಂದು ತಿಳಿದು ಉಂಡರೆ ರುಚಿ ಕೆಡುವುದಿಲ್ಲ. ತಿಳಿಯದೆ ಉಂಡೆದ್ದು ಹೋಗುವುದು ಛತ್ರದ ಗಿರಾಕಿಯ ಲಕ್ಷಣ, ಮನೆಯವರದಲ್ಲ.

ಕೋಲಾಡ ಬೇಡ, ನಮ್ಮ ಕರ್ನಾಟಕಕ್ಕೇ ಹೋಗೋಣವೆಂದು ದಾಂಡೇಲಿಗೆ ಹೊರಡುವವರಿಗೂ ಇದೇ ಮಾತು. ಗಣೇಶಗುಡಿಯಲ್ಲಿ ಕಾಳಿ ನದಿಯ ರಾಫ್ಟಿಂಗ್ ಕೂಡ ಸೂಪಾ ವಿದ್ಯುದಾಗಾರದಿಂದ ನೀರು ಬಿಟ್ಟರೇ ಉಂಟು. ಆ ಜಲಾಶಯದ ತಳದಲ್ಲಿ ಸೂಪಾ ಎಂಬ ಊರೇ ಇದೆ. ಅಲ್ಲಿಂದ ಎದ್ದವರು ರಾಮನಗರದಲ್ಲಿ ಹೊಸದಾಗಿ ಒಲೆ ಹೂಡಿದರು. ಮುಳುಗಿಸಿದವರು ಅಲ್ಲಿ ಮರಾಠಿಗರೂ ಅಲ್ಲ, ಕಂಪನಿಯವರೂ ಅಲ್ಲ. ಅದು ಕರ್ನಾಟಕ ಸರಕಾರದ್ದೇ ಯೋಜನೆ. ಆದುದರಿಂದ ಇದನ್ನು ಭಾಷೆಯ ಜಗಳವೆಂದು ಯಾರೂ ತಿಳಿಯಬಾರದು. ಮುಳಶಿಯ ಮಾವಳಿಗನೂ ಸೂಪಾದ ರೈತನೂ ಒಂದೇ ದೋಣಿಯವರು. ಆ ದೋಣಿಯಲ್ಲಿ ತೇಲುವ ಜಾಕೀಟು ಇರಲಿಲ್ಲ, ಅಷ್ಟೆ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬುದು ಕೃತಘ್ನರ ಗಾದೆ. ಹನ್ನೆರಡನೆಯ ಶತಮಾನದಲ್ಲಿಯೇ ಅಂಬಿಗರ ಚೌಡಯ್ಯನನ್ನು ಶರಣನೆಂದು ಮನ್ನಿಸಿದ ನಾಡಿನವರು ನಾವು. ನಮ್ಮ ಬಾಯಲ್ಲಿ ಅದು ಶೋಭಿಸದು. ಆದ್ದರಿಂದ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಮೂರು ಸೂಚನೆಗಳನ್ನು ಇಡುತ್ತೇವೆ.

ಒಂದು, ಕೋಲಾಡಕ್ಕೆ ಹೋಗುವ ಬಸ್ಸು ಮುಳಶಿಯಲ್ಲಿ ಅರ್ಧ ತಾಸು ನಿಲ್ಲಲಿ. 1921ರ ಕತೆಯನ್ನು ಮಕ್ಕಳಿಗೆ ಅಲ್ಲಿಯೇ, ಆ ನೀರನ್ನು ತೋರಿಸಿ, ಕನ್ನಡದಲ್ಲಿ ಹೇಳಲಿ. ಅದನ್ನು ಬಲ್ಲ ಅಲ್ಲಿನ ಹಿರಿಯರೊಬ್ಬರನ್ನು ಕರೆದು ಕೂರಿಸಿದರೆ ಇನ್ನೂ ಒಳ್ಳೆಯದು. ಮರಾಠಿ ನಮ್ಮ ಮಕ್ಕಳಿಗೆ ನಮಗಿಂತ ಚೆನ್ನಾಗಿ ಬರುತ್ತದೆ. ಎರಡು, ಒಂದು ವರ್ಷ ನದಿಯ ಮೇಲ್ತುದಿಗೆ ಹೋದರೆ ಮರುವರ್ಷ ಕೆಳತುದಿಗೆ ಹೋಗೋಣ. ಭೀಮೆಯ ದಂಡೆಯ ಸನ್ನತಿಯಲ್ಲಿ ಅಶೋಕನ ಶಾಸನಗಳಿವೆ, ಪಕ್ಕದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪದ ಅವಶೇಷಗಳಿವೆ. ಗಾಣಗಾಪುರವೂ ಆ ಕಡೆಗೇ. ಒಂದು ರಾತ್ರಿ ಅಲ್ಲಿ ತಂಗಿ, ದಂಡೆಯ ಹಳ್ಳಿಯವರೊಡನೆ ರೊಟ್ಟಿ ಉಂಡು, ನೀರಿನ ಮಾತನ್ನು ಅವರ ಬಾಯಿಂದಲೇ ಕೇಳೋಣ. ಮೂರು, ಮುಳಾ-ಮುಠೆಯ ಕೊಳಚೆಯ ವಿಷಯವಾಗಿ ಪುಣೆಯ ನಾಗರಿಕರು ಕರೆಯುವ ಸಭೆಗಳಿಗೆ ಸಂಘದ ಹೆಸರಿನಿಂದ ಇಬ್ಬರಾದರೂ ಹೋಗಲಿ. ಕೆಳಗೆ ಕುಡಿಯುವವರ ಪರವಾಗಿ ಅಲ್ಲಿ ಮಾತಾಡಲು ನಮಗಿಂತ ಹೆಚ್ಚಿನ ಅಧಿಕಾರ ಯಾರಿಗಿದೆ?

ಮುಂದಿನ ಪ್ರವಾಸದ ಹೆಸರು ನೋಂದಣಿ ಹೇಗೂ ಆಗುತ್ತದೆ. ಹಣ ಕಟ್ಟುವಾಗ ಬಸ್ಸು ಎಷ್ಟು ಹೊತ್ತಿಗೆ, ಊಟಕ್ಕೆ ಏನು ಎಂದು ಎಲ್ಲರೂ ಕೇಳುತ್ತಾರೆ. ಈ ಸಲ ಇನ್ನೂ ಒಂದು ಪ್ರಶ್ನೆ ಕೇಳಿರಿ: ಈ ನೀರು ಯಾರದು? ಉತ್ತರ ಗೊತ್ತಿಲ್ಲದೆ ಪ್ರವಾಸ ಏರ್ಪಡಿಸಕೂಡದು.