ಪುರದಲ್ಲಿ ಕೇಳಿದವರು ಹಾಸ್ಟೆಲಿನಲ್ಲಿ ಯಾಕೆ ಕೇಳುವುದಿಲ್ಲ?



ಮಲ್ಲೇಶ್ವರದ ಹದಿನೆಂಟನೇ ಕ್ರಾಸು ದಾಟಿದರೆ ಭಾರತೀಯ ವಿಜ್ಞಾನ ಸಂಸ್ಥೆ. ಹಳಬರ ಬಾಯಲ್ಲಿ ಈಗಲೂ ಅದು ಟಾಟಾ ಇನ್‌ಸ್ಟಿಟ್ಯೂಟು. 1907ರಲ್ಲಿ ಮೈಸೂರು ಸಂಸ್ಥಾನ ಅದಕ್ಕೆ 371 ಎಕರೆ ನೆಲ ಕೊಟ್ಟಿತು. ಸಂಸ್ಥಾನದ ನೆಲ ಅಂದರೆ ಯಾರ ನೆಲ? ಬೆವರು ಸುರಿಸಿದವರ ನೆಲ, ಬಿಟ್ಟಿ ಚಾಕರಿ ಮಾಡಿದವರ ನೆಲ. ಇವತ್ತು ಅದು ನಡೆಯುವುದೂ ಜನರ ತೆರಿಗೆ ದುಡ್ಡಿನಲ್ಲಿ. ಸೋಪು, ಬೆಂಕಿಪೊಟ್ಟಣ ಕೊಳ್ಳುವ ಕೂಲಿಯವನೂ ಆ ತೆರಿಗೆ ಕಟ್ಟುತ್ತಾನೆ. ಆದ್ದರಿಂದ ಆ ಕಾಂಪೌಂಡಿನ ಒಳಗೆ ಏನು ನಡೀತಿದೆ ಅಂತ ಕೇಳೋ ಹಕ್ಕು ನಮಗಿದೆ.

ಮೊದಲು ಅಲ್ಲಿ ನಡೆದ ಒಳ್ಳೆಯ ಕೆಲಸವನ್ನೇ ಹೇಳೋಣ. 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಮತ್ತು ಅವರ ಜೊತೆಗಾರರು ಹಳ್ಳಿಗೆ ಬೇಕಾದ ವಿಜ್ಞಾನಕ್ಕೆಂದು ‘ಅಸ್ತ್ರ’ ಎಂಬ ಘಟಕ ಕಟ್ಟಿದರು. ತುಮಕೂರು ಜಿಲ್ಲೆಯ ಕುಣಿಗಲ್ ಸೀಮೆಯ ಉಂಗ್ರ, ಪುರ ಮುಂತಾದ ಹಳ್ಳಿಗಳಿಗೆ ಹೋದರು. ಸೌದೆ ಎಷ್ಟು ಬೇಕು, ನೀರು ಎಷ್ಟು ದೂರ, ಹೊರುವವರು ಯಾರು ಅಂತ ಮನೆಮನೆಯಲ್ಲೂ ಲೆಕ್ಕ ಬರೆದುಕೊಂಡರು. ಒಂದು ಮನೆಯ ಸೌದೆ ಒಟ್ಟು ಮಾಡೋದಕ್ಕೇ ದಿನಕ್ಕೆ ಎರಡು ಗಂಟೆಗೂ ಮೇಲೆ ಹಿಡಿಯುತ್ತಿತ್ತು. ನಮ್ಮ ಅವ್ವಂದಿರ ಸೊಂಟ ಮುರಿಯುವ ಈ ದುಡಿಮೆ ವಿಜ್ಞಾನದ ಪುಸ್ತಕದಲ್ಲಿ ಅಂಕಿಯಾಗಿ ಕೂತಿತು. ಕಡಿಮೆ ಸೌದೆಯ, ಕಡಿಮೆ ಹೊಗೆಯ ‘ಅಸ್ತ್ರ ಒಲೆ’ ಬಂದದ್ದು ಈ ಘಟಕದಿಂದಲೇ.

ಪುರದಲ್ಲಿ ಇಡೀ ಊರಿಗೆಂದು ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಎಲ್ಲರ ಅಡುಗೆಗೂ ಗ್ಯಾಸು ಎಂಬುದು ಮೊದಲ ಲೆಕ್ಕ. ಊರಿನ ಸಗಣಿ ಸಾಲಲಿಲ್ಲ, ಲೆಕ್ಕ ತಪ್ಪಿತು. ಜನ ಕೇಳಿದ್ದು ಕುಡಿಯುವ ನೀರು. ವಿಜ್ಞಾನಿಗಳು ಕಿವಿಗೊಟ್ಟರು. 1987ರಿಂದ ಅದೇ ಗ್ಯಾಸಿನಲ್ಲಿ ಎಂಜಿನ್ ಓಡಿಸಿ ಕರೆಂಟು ತೆಗೆದರು. ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಮನೆಗಳಿಗೆ ದೀಪ ಬಂತು. ಸಗಣಿ ತಂದವರಿಗೆ ದುಡ್ಡು, ಬಗ್ಗಡ ಮತ್ತೆ ಹೊಲಕ್ಕೆ ಗೊಬ್ಬರ. ಹಲವು ವರ್ಷ ನಡೆಯಿತು. ಇದರ ಪಾಠ ಇಷ್ಟೇ: ಕಷ್ಟ ಪಡುವವರನ್ನು ಕೇಳಿ ಮಾಡಿದ ಸಂಶೋಧನೆ ನಿಲ್ಲುತ್ತದೆ.

ಹಾಗಂತ ಎಲ್ಲ ಸಂಶೋಧನೆಯೂ ನಮ್ಮ ಕೇರಿ ಮುಟ್ಟಿತೇ? ಮಂಡ್ಯದ ವಿ.ಸಿ. ಫಾರಮ್ಮಿನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಗೂ ನಮ್ಮ ರಾಗಿಗೂ ಬೆರಕೆ ಮಾಡಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ದೊಡ್ಡ ಕೆಲಸ, ಮುದ್ದೆ ಉಣ್ಣುವವರೆಲ್ಲ ನೆನೆಯಬೇಕಾದ ಹೆಸರು ಅದು. ಆದರೆ ಬೀಜ ಬಂದರೆ ಸಾಕೆ? ಬಿತ್ತೋಕೆ ನೆಲ ಎಲ್ಲಿ? ಎಕರೆಗೆ ಎಷ್ಟು ಕ್ವಿಂಟಾಲ್ ಅಂತ ಅಳೆಯುವವರು ಬೇಕಾದಷ್ಟು ಜನ. ಆ ಎಕರೆ ಯಾರದು, ಕಳೆ ಕಿತ್ತವಳಿಗೆ ಎಷ್ಟು ಕೂಲಿ ಅಂತ ಅಳೆಯುವವರು ಎಷ್ಟು ಜನ?

ಈ ಪ್ರಶ್ನೆ ಕೇಳಲು ನಮ್ಮ ಹುಡುಗ ಹುಡುಗಿಯರೇ ಸಂಶೋಧನೆಗೆ ಹೋಗಬೇಕು. ಬಾಬಾಸಾಹೇಬರು ಹೋದರು. 1918ರಲ್ಲಿ ಭಾರತದ ಸಣ್ಣ ಹಿಡುವಳಿಗಳ ಮೇಲೆ ಪ್ರಬಂಧ ಬರೆದರು. ತುಂಡು ಹೊಲಗಳನ್ನು ಕೂಡಿಸಿದರೆ ಸಾಲದು, ನೆಲದ ಮೇಲೆ ಬಿದ್ದಿರುವ ಜನರ ಭಾರ ಇಳಿಯಬೇಕು, ಅದಕ್ಕೆ ಕೈಗಾರಿಕೆ ಬೇಕು ಎಂದು ವಾದಿಸಿದರು. ಇಂಥ ವಿದ್ವಾಂಸನಿಗೆ ಹಿಂದಿನ ವರ್ಷವಷ್ಟೇ ಬರೋಡದಲ್ಲಿ ತಂಗಲು ಒಂದು ಕೋಣೆ ಸಿಗಲಿಲ್ಲ. ಬೊಂಬಾಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರ್ ಆದ ಮೇಲೂ, ಅವರು ಎಲ್ಲರ ಹೂಜಿಯ ನೀರು ಮುಟ್ಟಬಾರದೆಂದು ಜೊತೆಯವರು ತಕರಾರು ತೆಗೆದರು. ಸಂಶೋಧನೆಗೆ ತಲೆ ಒಂದಿದ್ದರೆ ಸಾಲದು. ಮಲಗಲು ಕೋಣೆ ಬೇಕು, ಕುಡಿಯಲು ನೀರು ಬೇಕು, ಮನುಷ್ಯರ ಮುಖ ಬೇಕು.

ಇನ್ನು ಇಂದಿನ ಮಾತು. 2021ರಲ್ಲಿ ಇದೇ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾರ್ಥಿಗಳು ಒಬ್ಬರ ಹಿಂದೊಬ್ಬರು ಪ್ರಾಣ ಕಳೆದುಕೊಂಡರು. ಸಂಸ್ಥೆ ಆಪ್ತ ಸಲಹೆಯ ವ್ಯವಸ್ಥೆ ಮಾಡಿತು, ನಿಜ. ಜೊತೆಗೆ ಹಾಸ್ಟೆಲ್ ಕೋಣೆಗಳ ಸೀಲಿಂಗ್ ಫ್ಯಾನು ಕಳಚಲು ಹೊರಟಿತು. ಒಂದು ಜೀವ ಉಳಿಯುವುದಾದರೆ ಫ್ಯಾನು ಹೋಗಲಿ. ಆದರೆ ಫ್ಯಾನಿನ ಜಾಗ ಬದಲಾದರೆ ಮನಸ್ಸಿನ ಭಾರ ಇಳೀತದೆಯೇ?

ಸತ್ತವರು ಯಾವ ಜಾತಿ ಅಂತ ನಾವು ಕೇಳುತ್ತಿಲ್ಲ. ಎಲ್ಲ ಮಕ್ಕಳೂ ಮಕ್ಕಳೇ. ಆದರೆ 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವೇ ಲೋಕಸಭೆಗೆ ಒಂದು ಲೆಕ್ಕ ಕೊಟ್ಟಿತು. 2014ರಿಂದ 2021ರವರೆಗೆ ಕೇಂದ್ರದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 122. ಅವರಲ್ಲಿ ಪರಿಶಿಷ್ಟ ಜಾತಿಯವರು 24, ಪರಿಶಿಷ್ಟ ಪಂಗಡದವರು 3, ಹಿಂದುಳಿದ ವರ್ಗದವರು 41. ಅರ್ಧಕ್ಕಿಂತ ಹೆಚ್ಚು ಯಾರ ಮನೆಯ ಮಕ್ಕಳು ಅಂತ ನೀವೇ ಕೂಡಿಸಿ ನೋಡಿ. ಒಂದೊಂದು ಸಾವಿಗೂ ಹತ್ತಾರು ಕಾರಣ ಇರ್ತವೆ. ಆದರೆ ಗೈಡು ಮಾತಾಡಿಸದಿರುವುದು, ಫೆಲೋಶಿಪ್ ತಿಂಗಳುಗಟ್ಟಲೆ ಬರದಿರುವುದು, ಇಂಗ್ಲಿಷಿಗೆ ನಗುವುದು, ರ‍್ಯಾಂಕ್ ಕೇಳುವ ನೆಪದಲ್ಲಿ ಜಾತಿ ಕೇಳುವುದು, ಇವು ಮನಸ್ಸಿನ ರೋಗವಲ್ಲ. ಇವು ಸಂಸ್ಥೆಯ ರೋಗ. ಇದಕ್ಕೆ ಮಾತ್ರೆ ಹುಡುಗನಿಗೆ ಕೊಟ್ಟರೆ ವಾಸಿಯಾಗದು.

ಪುರದಲ್ಲಿ ಸೌದೆ ಹೊರೆಯ ಭಾರ ತೂಗಿದ ವಿಜ್ಞಾನಕ್ಕೆ ನಮ್ಮ ಹಕ್ಕೊತ್ತಾಯ ಇದು. ಹಾಸ್ಟೆಲಿನ ಭಾರವನ್ನೂ ತೂಗಿ. ವಿದ್ಯಾರ್ಥಿಗಳನ್ನು ಕೇಳಿ, ಹೆಸರು ಹೇಳದೆ ಉತ್ತರಿಸಲು ಬಿಡಿ, ಸಿಕ್ಕ ಉತ್ತರವನ್ನು ಬಚ್ಚಿಡದೆ ಅಚ್ಚು ಹಾಕಿ. ಫೆಲೋಶಿಪ್ ತಿಂಗಳು ತಿಂಗಳು ಕೈಗೆ ಬರಲಿ. ಗೈಡ್ ಬದಲಿಸಲು ಅಂಜದೆ ಕೇಳುವ ದಾರಿ ಇರಲಿ. ತಾರತಮ್ಯದ ದೂರು ಕೇಳಲು ಒಬ್ಬ ಅಧಿಕಾರಿ, ಸಮಾನ ಅವಕಾಶದ ಒಂದು ಘಟಕ ಇರಬೇಕೆಂದು ಯುಜಿಸಿ 2012ರಲ್ಲೇ ನಿಯಮ ಮಾಡಿದೆ. ನಿಮ್ಮ ಕಾಲೇಜಿನಲ್ಲಿ ಆ ಅಧಿಕಾರಿ ಯಾರು? ನಾಳೆಯೇ ಆಫೀಸಿಗೆ ಹೋಗಿ ಕೇಳಿ, ಬರೆದು ಕೊಡಿ ಅನ್ನಿ.

ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ, ಕೊನೆಯ ಮಾತು ನಿಮಗೆ. ಪಕ್ಕದ ಕೋಣೆಯವನು ಎರಡು ದಿನ ಊಟಕ್ಕೆ ಬರಲಿಲ್ಲ ಅಂದರೆ ಬಾಗಿಲು ತಟ್ಟಿ. ನಿಮಗೇ ಕತ್ತಲು ಕವಿದರೆ ಒಬ್ಬರೇ ಕೂರಬೇಡಿ. ಗೆಳೆಯರಿಗೆ ಹೇಳಿ, ನಮಗೆ ಹೇಳಿ, 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ನೀವು ಊರಿಗೆ ಭಾರವಲ್ಲ. ನೆಲ ಯಾರದು ಎಂಬ ಪ್ರಶ್ನೆಯನ್ನು ಪ್ರಯೋಗಶಾಲೆಯೊಳಕ್ಕೆ ಒಯ್ಯಬೇಕಾದವರು ನೀವೇ. ಬದುಕಿರಿ, ಓದಿರಿ, ಒಟ್ಟಾಗಿರಿ.

ಜೈ ಭೀಮ್.